ಐದು ಕಂಟೇನರ್, 4 ಜಿಬಿ ರ‍್ಯಾಮ್: ಒಂದೊಂದಕ್ಕೆ ಎಷ್ಟು ಕೊಡಲಿ?

ಪ್ರಶ್ನೆ: ಸರ್, ಡೆಬಿಯನ್ 13 ಇರುವ ಒಂದು ಸರ್ವರ್ ಬಾಡಿಗೆಗೆ ತಗೊಂಡಿದ್ದೇನೆ. 4 ಜಿಬಿ ರ‍್ಯಾಮ್, ಎರಡು ಕೋರ್. ವರ್ಡ್‌ಪ್ರೆಸ್, ಪೋಸ್ಟ್‌ಗ್ರೆಸ್, ಎರಡು ನೋಡ್ ಆಪ್, ಟೆಸ್ಟಿಂಗಿಗೆ ಇನ್ನೊಂದು, ಹೀಗೆ ಐದು ಕಂಟೇನರ್ ಬೇಕು. 800 ಎಂಬಿಯಂತೆ ಹಂಚಿದರೆ ಹೋಸ್ಟಿಗೆ, ಅಂದರೆ ಸರ್ವರಿಗೇ, ಏನೂ ಉಳಿಯಲ್ಲ. ಒಂದೊಂದಕ್ಕೆ ಎಷ್ಟು ಕೊಡಲಿ?

ಉತ್ತರ: ಏನೂ ಕೊಡಬೇಡಿ.

ತಮಾಷೆ ಅಲ್ಲ. ಈ ಪ್ರಶ್ನೆ ಬೇರೆ ಬೇರೆ ವೇಷದಲ್ಲಿ ಬರುತ್ತಲೇ ಇರುತ್ತದೆ. ಒಬ್ಬರು ಡಿಸ್ಕ್ ಎಷ್ಟು ಅಂತ ಕೇಳುತ್ತಾರೆ, ಇನ್ನೊಬ್ಬರು ಕೋರ್ ಎಷ್ಟು ಅಂತ. ಎಲ್ಲದರ ಬುಡದಲ್ಲೂ ಒಂದೇ ನಂಬಿಕೆ: ಕಂಟೇನರ್ ಅಂದರೆ ಪುಟ್ಟ ವರ್ಚುವಲ್ ಮೆಷಿನ್. ಎಷ್ಟು ಸಲ ಹೇಳಿದರೂ ಈ ನಂಬಿಕೆ ಸಾಯಲ್ಲ. ಇವತ್ತು ಅದರ ಬೇರನ್ನೇ ಕೀಳೋಣ.

ವರ್ಚುವಲ್ ಮೆಷಿನ್ನಿನಲ್ಲಿ ಒಳಗೊಂದು ಸ್ವಂತ ಕರ್ನಲ್ (ಆಪರೇಟಿಂಗ್ ಸಿಸ್ಟಮಿನ ತಿರುಳು) ಬೂಟ್ ಆಗುತ್ತದೆ. 1 ಜಿಬಿ ಕೊಟ್ಟರೆ ಅಷ್ಟೂ ತನ್ನದೇ ಅಂತ ಅದು ತಿಳಿಯುತ್ತದೆ. ಬಸ್ಸಿನ ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿದ ಹಾಗೆ: ಕೂರುವವರು ಬಂದಿರಲಿ ಬಿಡಲಿ, ಸೀಟು ಹೋಯಿತು. (ಬಳಸದ ಮೆಮೊರಿಯನ್ನು ವಾಪಸ್ ಪಡೆಯಲು ಬಲೂನಿಂಗ್ ಅಂತ ಒಂದು ಉಪಾಯ ಇದೆ, ಗೊತ್ತು. ಅದನ್ನು ಹಿಡಿದುಕೊಂಡು ಜಗಳಕ್ಕೆ ಬರಬೇಡಿ.) ಕಂಟೇನರಿಗೆ ಟವೆಲ್ಲೇ ಇಲ್ಲ. ಒಳಗೆ ಓಡುವ ಪ್ರೋಗ್ರಾಂ ಎಷ್ಟು ಬಳಸುತ್ತದೋ ಅಷ್ಟೇ ಖರ್ಚು. ನೀವು ಹಾಕುವುದು ಮಿತಿ, ಮೀಸಲಲ್ಲ.

ನನ್ನ ಮಾತು ನಂಬಬೇಡಿ, ಮಾಡಿ ನೋಡಿ. ಡೆಬಿಯನ್ ಹಾಗೆಯೇ ಇನ್ನೊಂದು ಲಿನಕ್ಸ್ ಆದ ಅಲ್ಮಾ ಲಿನಕ್ಸ್ 9 ಜೊತೆಗೆ ಬರುವ ಕರ್ನಲ್ 5.14. ನಿಮ್ಮ ಡೆಬಿಯನ್ 13 ರ ಕರ್ನಲ್ 6.12. ಡೆಬಿಯನ್ ಮೇಲೆ ಅಲ್ಮಾದ ಕಂಟೇನರ್ ಎಬ್ಬಿಸಿ, ಒಳಗೆ ಹೋಗಿ 'ಯುನೇಮ್ -ಆರ್' ಕೊಡಿ. 6.12 ಅಂತಲೇ ಬರುತ್ತದೆ. ಅಲ್ಮಾದ ಕರ್ನಲ್ ಅಲ್ಲಿ ಇಲ್ಲವೇ ಇಲ್ಲ. ಇರುವುದು ಅಲ್ಮಾದ ಫೈಲುಗಳು ಮಾತ್ರ.

ಇನ್ನೊಂದು ಪರೀಕ್ಷೆ ಮಾಡಿ. ಇನ್‌ಕಸ್ (ಕಂಟೇನರ್ ಎಬ್ಬಿಸುವ ಒಂದು ಸಲಕರಣೆ) ಬಳಸಿ ಎಬ್ಬಿಸಿದ ಕಂಟೇನರ್ ಒಳಗೆ ರೂಟ್ (ಸರ್ವಾಧಿಕಾರದ ಯೂಸರ್) ಆಗಿ 'ಸ್ಲೀಪ್ 9999' ಕೊಟ್ಟು ಬಿಡಿ. ಈಗ ಹೊರಗೆ, ಹೋಸ್ಟಿನಲ್ಲಿ, 'ಪಿಎಸ್ ಆಕ್ಸ್' ಹೊಡೆದು ಸ್ಲೀಪ್ ಹುಡುಕಿ. ಸಿಗುತ್ತದೆ! ಬೇರೆ ಯಾವ ಪ್ರೋಸೆಸ್ಸಿನ ಹಾಗೆಯೇ ಸಾಲಿನಲ್ಲಿ ಕೂತಿರುತ್ತದೆ. ನಂಬರ್ ಮಾತ್ರ ಬೇರೆ, ಮಾಲೀಕರ ಕಾಲಂನಲ್ಲಿ ರೂಟ್ ಬದಲು 1000000 ಅಂತ ಇರುತ್ತದೆ. ಒಳಗಿನ ರೂಟ್ ಹೊರಗೆ ಯಾವ ಅಧಿಕಾರವೂ ಇಲ್ಲದ ಒಂದು ನಂಬರ್ ಅಷ್ಟೇ. ಹೋಸ್ಟಿನಿಂದಲೇ ಅದನ್ನು ಕಿಲ್ ಮಾಡಿ, ಒಳಗೂ ಸತ್ತಿರುತ್ತದೆ. ವರ್ಚುವಲ್ ಮೆಷಿನ್ನಿನ ಒಳಗಿನ ಪ್ರೋಸೆಸ್ಸನ್ನು ಹೊರಗಿನಿಂದ ಹೀಗೆ ನೋಡಲು ಆಗುತ್ತಾ?

ಅಸಲಿಗೆ ಲಿನಕ್ಸ್ ಕರ್ನಲ್ಲಿನಲ್ಲಿ ಕಂಟೇನರ್ ಅಂತ ಒಂದು ವಸ್ತುವೇ ಇಲ್ಲ. ಇರುವುದು ಬಿಡಿ ಬಿಡಿ ಸಾಮಾನುಗಳು. ನೇಮ್‌ಸ್ಪೇಸ್ ಎಂಬುದು ಪ್ರೋಸೆಸ್ಸಿಗೆ ಏನು ಕಾಣಬೇಕು, ಏನು ಕಾಣಬಾರದು ಅಂತ ತೀರ್ಮಾನಿಸುತ್ತದೆ. ಮೊದಲನೆಯದು, ಮೌಂಟ್ ನೇಮ್‌ಸ್ಪೇಸ್, 2002ರಲ್ಲೇ ಬಂತು. ಎಷ್ಟು ಬಳಸಬಹುದು ಎಂಬ ಲೆಕ್ಕ ಇಡುವುದು ಸಿಗ್ರೂಪ್. ಗೂಗಲ್ಲಿನ ಎಂಜಿನಿಯರ್‌ಗಳು ಶುರುಮಾಡಿದ ಇದು 2008ರ ಆರಂಭದಲ್ಲಿ 2.6.24 ಕರ್ನಲ್ಲಿಗೆ ಸೇರಿತು. ಮೇಲೆ ನೋಡಿದ ಆ 1000000 ಆಟಕ್ಕೆ ಬೇಕಾದ ಯೂಸರ್ ನೇಮ್‌ಸ್ಪೇಸ್ ಒಂದು ಹದಕ್ಕೆ ಬಂದದ್ದು 2013ರ 3.8ರಲ್ಲಿ. ಇವನ್ನೆಲ್ಲ ಕಟ್ಟಿ ಒಂದು ಹೆಸರು ಕೊಡುವ ಕೆಲಸ ಎಲ್‌ಎಕ್ಸ್‌ಸಿ, ಡಾಕರ್, ಇನ್‌ಕಸ್ ಇವುಗಳದ್ದು.

ಹಾಗಾದರೆ ಈ ತಪ್ಪು ತಿಳಿವಳಿಕೆ ಯಾಕೆ ಇಷ್ಟು ಗಟ್ಟಿ? ಬಹಳಷ್ಟು ಜನ ಡಾಕರ್ ಕಲಿಯುವುದು ವಿಂಡೋಸ್ ಲ್ಯಾಪ್‌ಟಾಪಿನಲ್ಲಿ. ವಿಂಡೋಸಿಗೆ ಲಿನಕ್ಸ್ ಕರ್ನಲ್ ಇಲ್ಲ. ಹಾಗಾಗಿ ಡಾಕರ್ ಡೆಸ್ಕ್‌ಟಾಪ್ ಮೊದಲು ಒಂದು ಲಿನಕ್ಸ್ ವರ್ಚುವಲ್ ಮೆಷಿನ್ ಎಬ್ಬಿಸಿ, ಕಂಟೇನರನ್ನು ಅದರೊಳಗೆ ಓಡಿಸುತ್ತದೆ. ಟಾಸ್ಕ್ ಮ್ಯಾನೇಜರಿನಲ್ಲಿ ವಿಎಂಮೆಮ್ ಅನ್ನುವುದು ಎರಡು ಮೂರು ಜಿಬಿ ನುಂಗುವುದನ್ನು ನೋಡಿ, "ಅಯ್ಯೋ, ಕಂಟೇನರ್ ಇಷ್ಟು ಭಾರ" ಅನ್ನುತ್ತಾರೆ. ನುಂಗಿದ್ದು ಕಂಟೇನರ್ ಅಲ್ಲ ಸ್ವಾಮಿ, ಅದು ಕೂತಿರುವ ಮೆಷಿನ್. ಇದರ ಜೊತೆಗೆ, ಒಂದು ಕಾಲದಲ್ಲಿ ಓಪನ್‌ವಿಜೆಡ್ ಕಂಟೇನರುಗಳನ್ನೇ ವಿಪಿಎಸ್ ಅಂತ ಹೆಸರಿಟ್ಟು ಬಾಡಿಗೆಗೆ ಕೊಡುತ್ತಿದ್ದರು. ಅಲ್ಲಿಗೆ ಇದ್ದ ಗೆರೆಯೂ ಅಳಿಸಿಹೋಯಿತು.

ಭದ್ರತೆಯ ಮಾತೂ ಇಲ್ಲೇ ಬರುತ್ತದೆ. ಎಲ್ಲರಿಗೂ ಕರ್ನಲ್ ಒಂದೇ. ಅದರಲ್ಲಿ ತೂತು ಬಿದ್ದರೆ ಐದೂ ಕಂಟೇನರಿಗೆ ಒಟ್ಟಿಗೇ ಅಪಾಯ. ಕಂಟೇನರ್ ಎಬ್ಬಿಸುವ ಸಲಕರಣೆಯಲ್ಲಿ ಬಿದ್ದರೂ ಕಷ್ಟ. 2019ರಲ್ಲಿ ರನ್‌ಸಿ ಎಂಬ ಡಾಕರಿನ ತಳದ ಪ್ರೋಗ್ರಾಂನಲ್ಲಿ ಅಂಥದ್ದೇ ಸಿಕ್ಕಿತು: ಕಂಟೇನರ್ ಒಳಗಿನ ರೂಟ್ ಹೋಸ್ಟಿನ ರನ್‌ಸಿ ಫೈಲನ್ನೇ ತಿದ್ದಬಹುದಿತ್ತು. ನಿಮ್ಮದೇ ಐದು ಆಪ್ ಆದರೆ ಕಂಟೇನರ್ ಧಾರಾಳ ಸಾಕು. ಗುರುತು ಪರಿಚಯ ಇಲ್ಲದವರ ಕೋಡ್ ಓಡಿಸುವುದಾದರೆ ವರ್ಚುವಲ್ ಮೆಷಿನ್ನೇ ಬೇಕು. ಇದರಲ್ಲಿ ನಾನು ರಾಜಿಯಾಗಲ್ಲ.

ಈಗ ನಿಮ್ಮ ಸರ್ವರ್. ಮೊದಲು 'ಸಿಸ್ಟಮ್‌ಡಿ-ಡಿಟೆಕ್ಟ್-ವರ್ಟ್' ಕೊಟ್ಟು ನೋಡಿ. ಕೆವಿಎಂ ಅಂತ ಬಂದರೆ ಅದು ವರ್ಚುವಲ್ ಮೆಷಿನ್, ಸರಿ. ಓಪನ್‌ವಿಜೆಡ್ ಅಥವಾ ಎಲ್‌ಎಕ್ಸ್‌ಸಿ ಅಂತ ಬಂದರೆ ನೀವೇ ಒಂದು ಕಂಟೇನರಿನಲ್ಲಿದ್ದೀರಿ. ಮುಂದಿನದಕ್ಕೆ ತೊಡಕು ಬರಬಹುದು, ಪ್ಲಾನ್ ಬದಲಿಸಿ.

ಡೆಬಿಯನ್ 13 ರಲ್ಲಿ ಇನ್‌ಕಸ್ ಎಪಿಟಿಯಿಂದಲೇ ಸಿಗುತ್ತದೆ. ಹಾಕಿಕೊಳ್ಳಿ, ನಿಮ್ಮ ಯೂಸರನ್ನು 'ಇನ್‌ಕಸ್-ಅಡ್ಮಿನ್' ಗುಂಪಿಗೆ ಸೇರಿಸಿ, ಲಾಗ್‌ಔಟ್ ಆಗಿ ಬನ್ನಿ. ಆ ಗುಂಪಿಗೆ ಸೇರಿದವರು ರೂಟಿಗೆ ಸಮ, ಹಾಗಾಗಿ ಸಿಕ್ಕಸಿಕ್ಕವರನ್ನು ಸೇರಿಸಬೇಡಿ. ಆಮೇಲೆ 'ಇನ್‌ಕಸ್ ಅಡ್ಮಿನ್ ಇನಿಟ್'. ಅದು ಕೇಳುವ ಪ್ರಶ್ನೆಗಳಲ್ಲಿ ಯೋಚಿಸಬೇಕಾದ್ದು ಸ್ಟೋರೇಜ್ ಒಂದೇ. 'ಡಿಐಆರ್' ಆರಿಸಿದರೆ ಪ್ರತಿ ಸ್ನ್ಯಾಪ್‌ಶಾಟೂ ಪೂರ್ತಿ ನಕಲು, ಡಿಸ್ಕ್ ಬೇಗ ತುಂಬುತ್ತದೆ. ಬಿಟಿಆರ್‌ಎಫ್‌ಎಸ್ ಆರಿಸಿ, ಬದಲಾದ ಭಾಗ ಮಾತ್ರ ಜಾಗ ತಿನ್ನುತ್ತದೆ. ಉಳಿದದ್ದಕ್ಕೆಲ್ಲ ಸುಮ್ನೆ ಎಂಟರ್ ಹೊಡೆಯಿರಿ. ನಂತರ 'ಇನ್‌ಕಸ್ ಲಾಂಚ್', ಇಮೇಜಿನ ಹೆಸರು, ನಿಮಗೆ ಬೇಕಾದ ಹೆಸರು. ಮುಗೀತು.

ಮಿತಿಯನ್ನು ಮೊದಲ ದಿನವೇ ಹಾಕಬೇಡಿ. ಒಂದು ವಾರ ಓಡಲಿ, ನಡುನಡುವೆ 'ಇನ್‌ಕಸ್ ಇನ್ಫೋ' ಕೊಟ್ಟು ಮೆಮೊರಿ ನೋಡುತ್ತಿರಿ. ಅತಿ ಹೆಚ್ಚು ಕಂಡದ್ದಕ್ಕಿಂತ ಸ್ವಲ್ಪ ಜಾಸ್ತಿ ಮಿತಿ ಇಡಿ. ಐದರ ಮಿತಿ ಕೂಡಿಸಿದರೆ 4 ಜಿಬಿ ದಾಟಬಹುದು, ದಾಟಲಿ. ಎಲ್ಲವೂ ಒಂದೇ ಹೊತ್ತಿಗೆ ತುದಿ ಮುಟ್ಟುವುದು ಅಪರೂಪ. ಮಿತಿಯ ಕೆಲಸ ಬೇರೆ: ಮೆಮೊರಿ ಸೋರುವ ಒಂದು ನೋಡ್ ಆಪ್ ಪೋಸ್ಟ್‌ಗ್ರೆಸ್ಸನ್ನೂ ಎಳೆದುಕೊಂಡು ಬೀಳಬಾರದು. ಮಿತಿ ಮೀರಿ ಜಾಗ ಸಿಗದಿದ್ದರೆ ಕರ್ನಲ್ ಆ ಕಂಟೇನರಿನ ಒಳಗಿನ ಪ್ರೋಸೆಸ್ಸನ್ನೇ ಕೊಲ್ಲುತ್ತದೆ, ಪಕ್ಕದವರನ್ನು ಮುಟ್ಟಲ್ಲ. ಡಾಕರಿನಲ್ಲಿ ಎಕ್ಸಿಟ್ ಕೋಡ್ 137 ಕಂಡರೆ ಮೊದಲು ಅನುಮಾನ ಪಡಬೇಕಾದ್ದು ಇದನ್ನೇ.

ಇನ್ನು ನೀವು ಕೇಳದೇ ಇದ್ದದ್ದು. ಕೇಳಬೇಕಿತ್ತು, ಅದಕ್ಕೇ ಹೇಳುತ್ತೇನೆ. ಈ ಐದರಲ್ಲಿ ಒಂದೆರಡನ್ನಾದರೂ ನೀವು ಡಾಕರಿನಲ್ಲೇ ಹಾಕುತ್ತೀರಿ, ಅಲ್ವಾ? ಪೋಸ್ಟ್‌ಗ್ರೆಸ್ಸಿಗೆ 5432:5432 ಅಂತ ಪೋರ್ಟ್ ತೆರೆಯುತ್ತೀರಿ. ಯುಎಫ್‌ಡಬ್ಲ್ಯೂನಲ್ಲಿ (ಫೈರ್‌ವಾಲ್) 5432 ಮುಚ್ಚಿದ್ದೇನೆ ಅಂತ ನಿಶ್ಚಿಂತೆಯಾಗಿ ಮಲಗುತ್ತೀರಿ. ಡೇಟಾಬೇಸ್ ಮಾತ್ರ ಇಡೀ ಜಗತ್ತಿಗೆ ತೆರೆದೇ ಇರುತ್ತದೆ!

ಕಾರಣ ಹೀಗಿದೆ. ಯುಎಫ್‌ಡಬ್ಲ್ಯೂನಲ್ಲಿ ನೀವು ಬರೆಯುವ ಸಾಮಾನ್ಯ ನಿಯಮಗಳು ಕೂರುವುದು ಇನ್‌ಪುಟ್ ಸರಪಳಿಯಲ್ಲಿ. ಅದು ಹೋಸ್ಟಿಗೇ ಬರುವ ಪ್ಯಾಕೆಟ್ಟುಗಳ ದಾರಿ. ಡಾಕರ್ ಅದಕ್ಕಿಂತ ಮೊದಲೇ, ನ್ಯಾಟ್ ಹಂತದಲ್ಲಿ, ಪ್ಯಾಕೆಟ್ಟಿನ ವಿಳಾಸ ಬದಲಿಸಿ ಕಂಟೇನರಿನ ಕಡೆ ತಿರುಗಿಸುತ್ತದೆ. ಪ್ಯಾಕೆಟ್ ಫಾರ್ವರ್ಡ್ ಸರಪಳಿಯ ದಾರಿ ಹಿಡಿಯುತ್ತದೆ, ಇನ್‌ಪುಟ್ ಕಡೆ ತಲೆಯನ್ನೇ ಹಾಕಲ್ಲ. ಪೋರ್ಟ್ ತೆರೆಯುವಾಗ 127.0.0.1:5432:5432 ಅಂತ ಬರೆದರೆ ಹೋಸ್ಟ್ ಒಳಗೆ ಮಾತ್ರ ಸಿಗುತ್ತದೆ. ಸರಿಯಾಯಿತೋ ಇಲ್ಲವೋ ಅಂತ ಸರ್ವರಿನಲ್ಲೇ ಕೂತು ನೋಡಬೇಡಿ. ಫೋನಿನ ಹಾಟ್‌ಸ್ಪಾಟಿಗೆ ಲ್ಯಾಪ್‌ಟಾಪ್ ಸೇರಿಸಿ, ಹೊರಗಿನಿಂದ ಎನ್‌ಮ್ಯಾಪ್ (ತೆರೆದ ಪೋರ್ಟ್ ಹುಡುಕುವ ಪ್ರೋಗ್ರಾಂ) ಹೊಡೆಯಿರಿ.

ಡಾಕರ್ ಮತ್ತು ಇನ್‌ಕಸ್ ಎರಡನ್ನೂ ಒಂದೇ ಹೋಸ್ಟಿನ ಮೇಲೆ ಹಾಕಿದರೆ ಇನ್ನೊಂದು ಕಿರಿಕಿರಿ. ಡಾಕರ್ ಫಾರ್ವರ್ಡ್ ಸರಪಳಿಯ ಪಾಲಿಸಿಯನ್ನು 'ಡ್ರಾಪ್' (ಬಿಸಾಕು) ಅಂತ ಬದಲಿಸಿಬಿಡುತ್ತದೆ, ಇನ್‌ಕಸ್ ಕಂಟೇನರುಗಳಿಗೆ ಇಂಟರ್ನೆಟ್ ಹೋಗುತ್ತದೆ. ನಾನು ಮಾಡುವುದು ಇಷ್ಟು: ಒಂದು ಇನ್‌ಕಸ್ ಕಂಟೇನರಿಗೆ 'ಸೆಕ್ಯುರಿಟಿ.ನೆಸ್ಟಿಂಗ್' ಟ್ರೂ ಮಾಡಿ, ಡಾಕರನ್ನು ಅದರೊಳಗೆ ಹಾಕುವುದು. ನೆಟ್‌ವರ್ಕ್ ನೇಮ್‌ಸ್ಪೇಸ್ ಬೇರೆಯಾದ್ದರಿಂದ ಡಾಕರ್ ಬರೆಯುವ ನಿಯಮಗಳು ಅಲ್ಲೇ ಉಳಿಯುತ್ತವೆ. ಹೊರಗೆ ಬೇಕಾದ ಪೋರ್ಟಿಗೆ ಮಾತ್ರ ಇನ್‌ಕಸ್‌ನ ಪ್ರಾಕ್ಸಿ ಡಿವೈಸ್ ಸೇರಿಸಿ. ನ್ಯಾಟ್ ಆಯ್ಕೆ ಹಾಕದಿದ್ದರೆ ಅದು ಹೋಸ್ಟಿನದೇ ಒಂದು ಪ್ರೋಸೆಸ್, ಯುಎಫ್‌ಡಬ್ಲ್ಯೂ ಮಾತು ಕೇಳುತ್ತದೆ. ಯುಎಫ್‌ಡಬ್ಲ್ಯೂ ಚಾಲೂ ಇದ್ದಾಗ 'ಇನ್‌ಕಸ್ ಲಿಸ್ಟ್'ನಲ್ಲಿ ಐಪಿವಿ4 ಕಾಲಂ ಖಾಲಿ ಕಂಡರೆ ಗಾಬರಿ ಬೇಡ. ಇನ್‌ಕಸ್‌ಬಿಆರ್0 ಎಂಬ ಬ್ರಿಡ್ಜಿನಿಂದ ಒಳಬರುವುದಕ್ಕೆ ಅನುಮತಿ ಕೊಡಿ, ಅದರ ಮೂಲಕ ಹಾದು ಹೋಗಿಬರುವ ಪ್ಯಾಕೆಟ್ಟುಗಳಿಗೂ ಕೊಡಿ, ಕಂಟೇನರ್ ರೀಸ್ಟಾರ್ಟ್ ಮಾಡಿ. ವಿಳಾಸ ಬರುತ್ತದೆ.