ಸೀಲ್ ಬದಲಿಸಿದ ಮೇಲೆ ಮುಂದಿನ ಫೋರ್ಕ್ ಜೋಡಿಸುವುದು

ಈ ಟಿಪ್ಪಣಿ ಡ್ಯಾಂಪರ್ ರಾಡ್ (ಆಯಿಲ್ ಹರಿವನ್ನು ತಡೆದು ಕುಲುಕಾಟ ತಗ್ಗಿಸುವ ಒಳಗಿನ ಸರಳು) ಇರುವ ಮಾಮೂಲಿ ಟೆಲಿಸ್ಕೋಪಿಕ್ ಫೋರ್ಕ್ ಬಗ್ಗೆ, ಅಂದರೆ ಮುಂದಿನ ಚಕ್ರ ಹಿಡಿದಿರುವ, ಕೊಳವೆಯೊಳಗೆ ಕೊಳವೆ ಜಾರುವ ಎರಡು ಕಾಲುಗಳ ಬಗ್ಗೆ. ಸ್ಪ್ಲೆಂಡರ್‌ನಂಥ ದಿನಬಳಕೆಯ ಬೈಕ್‌ಗಳಲ್ಲಿ ಇರುವುದು ಇದೇ.

ಹೊಸ ಸೀಲ್ (ಆಯಿಲ್ ಹೊರಬಾರದಂತೆ ತಡೆಯುವ ರಬ್ಬರ್ ಉಂಗುರ) ಹಾಕಿದರೂ ಸ್ವಲ್ಪ ದಿನಕ್ಕೇ ಮತ್ತೆ ಆಯಿಲ್ ಸೋರುತ್ತದೆ ಅನ್ನುವ ದೂರು ಬಹಳ. ಎಷ್ಟೋ ಸಲ ತಪ್ಪು ಸೀಲಿನದಲ್ಲ, ಸೀಲ್ ಉಜ್ಜುವ ಪೈಪಿನದು, ಅಂದರೆ ಕಾಲಿನ ಒಳಗೆ ಜಾರುವ ನಯವಾದ ಕೊಳವೆಯದು. ಅದಕ್ಕೇ ಜೋಡಿಸುವ ಮೊದಲು ಪೈಪ್ ಒರೆಸಿ, ಉಗುರನ್ನು ಮೇಲಿಂದ ಕೆಳಗೆ ಎಳೆಯಿರಿ. ಉಗುರು ಸಿಕ್ಕಿಕೊಂಡರೆ ಅಲ್ಲಿ ಗೀರೋ ತುಕ್ಕಿನ ಗುಳಿಯೋ ಇದೆ. ಸಣ್ಣ ಉಬ್ಬಾದರೆ ನಯವಾದ ಎಮರಿ ಪೇಪರ್‌ಗೆ ಆಯಿಲ್ ಹಚ್ಚಿ ಹಗುರಾಗಿ ಉಜ್ಜಬಹುದು. ಸೀಲ್ ಓಡಾಡುವ ಜಾಗದಲ್ಲಿ ಗುಳಿಗಳು ಆಳವಾಗಿದ್ದರೆ ಪೈಪನ್ನೇ ಬದಲಿಸಬೇಕು. ಕರಾವಳಿಯ ಉಪ್ಪುಗಾಳಿಯಲ್ಲಿ ಓಡುವ ಗಾಡಿಗಳಲ್ಲಿ ಇದನ್ನು ಇನ್ನೂ ಗಮನವಿಟ್ಟು ನೋಡಿ.

ಈಗ ಜೋಡಣೆ. ಡ್ಯಾಂಪರ್ ರಾಡಿಗೆ ಚಿಕ್ಕ ರೀಬೌಂಡ್ ಸ್ಪ್ರಿಂಗ್ (ಫೋರ್ಕ್ ಪೂರ್ತಿ ಚಾಚಿದಾಗ ಬಡಿತ ತಡೆಯುವುದು) ಹಾಕಿ, ಪೈಪಿನ ಮೇಲಿಂದ ಒಳಗೆ ಬಿಡಿ. ಕೆಳಗೆ ಹೊರಬಂದ ತುದಿಗೆ ಆಯಿಲ್ ಲಾಕ್ ಪೀಸ್ (ಪೂರ್ತಿ ಕುಸಿದಾಗ ತಳಕ್ಕೆ ಬಡಿಯದಂತೆ ತಡೆಯುವ ತುಂಡು) ಕೂರಿಸಿ, ಪೈಪನ್ನು ಫೋರ್ಕ್ ಬಾಟಮ್ (ಕೆಳಗಿನ ದಪ್ಪ ಕೊಳವೆ) ಒಳಗೆ ಇಳಿಸಿ. ತಳದ ಅಲೆನ್ ಬೋಲ್ಟಿಗೆ ಹೊಸ ತಾಮ್ರದ ವಾಷರ್ ಇರಲಿ. ಹಳೆಯ ವಾಷರ್ ಆಗಲೇ ಅಮುಕಿಕೊಂಡಿರುತ್ತದೆ, ಮೇಲಿನ ಸೋರಿಕೆ ನಿಂತರೂ ತಳದಿಂದ ತೊಟ್ಟಿಕ್ಕಬಹುದು. ಬೋಲ್ಟ್ ಜೊತೆ ರಾಡ್ ಕೂಡ ತಿರುಗುತ್ತಿದ್ದರೆ, ದೊಡ್ಡ ಸ್ಪ್ರಿಂಗ್ ಹಾಕಿ ಕ್ಯಾಪ್ ಮುಚ್ಚಿ, ಫೋರ್ಕನ್ನು ಒತ್ತಿ ಹಿಡಿದು ಬಿಗಿ ಮಾಡಿ.

ಆಮೇಲೆ ಸೀಲ್. ಪೈಪಿನ ಮೇಲ್ತುದಿಯ ಅಂಚು ಚೂಪಾಗಿರುತ್ತದೆ. ತೆಳು ಪ್ಲಾಸ್ಟಿಕ್ ಕವರ್ ಸುತ್ತಿ, ಫೋರ್ಕ್ ಆಯಿಲ್ ಸವರಿ, ಅದರ ಮೇಲಿಂದ ಸೀಲನ್ನು ಜಾರಿಸಿ. ಸಾಮಾನ್ಯವಾಗಿ ಅಕ್ಷರ ಇರುವ ಮುಖ ಮೇಲೆ, ಒಳಗೆ ಸಣ್ಣ ಸ್ಪ್ರಿಂಗ್ ಕಾಣುವ ಮುಖ ಕೆಳಗೆ, ಅಂದರೆ ಆಯಿಲ್ ಕಡೆಗೆ. ಬೇರೆ ಬುಷ್ (ಪೈಪ್ ಜಾರಲು ಆಸರೆಯಾಗುವ ಬಳೆ) ಇರುವ ಫೋರ್ಕ್ ಆದರೆ ಬುಷ್, ವಾಷರ್ ಮೊದಲು ಕೂರಬೇಕು. ಸೀಲ್ ಕೂರಿಸುವ ಉಪಕರಣ (ಸೀಲ್ ಡ್ರೈವರ್) ಇಲ್ಲವಾದರೆ ಸರಿಯಾದ ಅಳತೆಯ ಪಿವಿಸಿ ಪೈಪ್ ಸಾಕು. ಹಳೆಯ ಸೀಲನ್ನು ಮೇಲಿಟ್ಟು ಸುತ್ತಲೂ ಸಮನಾಗಿ ತಟ್ಟಿ. ಸ್ಕ್ರೂಡ್ರೈವರ್ ಬೇಡವೇ ಬೇಡ. ಲಾಕ್ ರಿಂಗ್ (ಸೀಲ್ ಮೇಲೇಳದಂತೆ ಹಿಡಿಯುವ ತಂತಿ ಉಂಗುರ) ಕೂರುವ ತೋಡು ಸುತ್ತ ಪೂರ್ತಿ ಕಾಣುವ ತನಕ ಸೀಲ್ ಇಳಿಯಬೇಕು. ಒಂದು ಬದಿ ಕಂಡು ಇನ್ನೊಂದು ಬದಿ ಕಾಣದಿದ್ದರೆ ಸೀಲ್ ಓರೆಯಾಗಿದೆ ಎಂದರ್ಥ. ನಂತರ ಲಾಕ್ ರಿಂಗ್, ಅದರ ಮೇಲೆ ಧೂಳು ತಡೆಯುವ ಡಸ್ಟ್ ಸೀಲ್.

ಆಯಿಲ್ ವಿಷಯಕ್ಕೆ ಜಾಸ್ತಿ ಸಮಯ ಕೊಡಿ. ಮ್ಯಾನ್ಯುಯಲ್ ಹೇಳಿದ ಗ್ರೇಡ್ ಸುರಿದು, ಪೈಪನ್ನು ನಿಧಾನವಾಗಿ ಮೇಲೆ ಕೆಳಗೆ ಆಡಿಸಿ ಗಾಳಿ ಬಿಡಿ. ಬಿಚ್ಚಿ ತೊಳೆದ ಫೋರ್ಕಿಗೆ, ಸುಮ್ನೆ ಆಯಿಲ್ ಬಸಿದ ಫೋರ್ಕಿಗಿಂತ ಸ್ವಲ್ಪ ಹೆಚ್ಚು ಹಿಡಿಸುತ್ತದೆ. ಮಿಲಿಲೀಟರ್ ಒಂದನ್ನೇ ನಂಬದೆ ಎತ್ತರವನ್ನೂ ಅಳೆಯಿರಿ: ಸ್ಪ್ರಿಂಗ್ ಹೊರಗೆ, ಫೋರ್ಕ್ ನೇರ, ಪೈಪ್ ಪೂರ್ತಿ ಕೆಳಗೆ. ಪೈಪಿನ ಅಂಚಿನಿಂದ ಆಯಿಲ್ ತನಕ ಎಷ್ಟು ಅಂತ ನೋಡಬೇಕು.

ಆ ಖಾಲಿ ಜಾಗದ ಗಾಳಿಯೂ ಒಂದು ಸ್ಪ್ರಿಂಗ್‌ನಂತೆ ಕೆಲಸ ಮಾಡುತ್ತದೆ. ಲೆಕ್ಕಕ್ಕೆ, ಫೋರ್ಕ್ 120 ಮಿ.ಮೀ. ಕುಸಿಯುತ್ತದೆ ಅಂದುಕೊಳ್ಳಿ. ಪೂರ್ತಿ ಕುಸಿದಾಗ 150 ಮಿ.ಮೀ. ಗಾಳಿ ಉಳಿದರೆ, 270 ಇದ್ದದ್ದು 150ಕ್ಕೆ ಬಂತು. ಒತ್ತಡ ಸುಮಾರು 1.8 ಪಟ್ಟು. 100 ಮಿ.ಮೀ. ಮಾತ್ರ ಉಳಿದರೆ 220 ಇದ್ದದ್ದು 100 ಆಯಿತು. 2.2 ಪಟ್ಟು! ಆಯಿಲ್ ಜಾಸ್ತಿಯಾದರೆ ಕೊನೆಯಲ್ಲಿ ಫೋರ್ಕ್ ಗಡುಸಾಗುತ್ತದೆ, ಸೀಲಿನ ಮೇಲೂ ಭಾರ. ಎರಡು ಕಾಲಲ್ಲೂ ಮಟ್ಟ ಒಂದೇ ಇರಲಿ. ಸಿರಿಂಜಿಗೆ ಸಣ್ಣ ನಳಿಗೆ ಸಿಕ್ಕಿಸಿ, ಬೇಕಾದ ಅಳತೆಗೆ ಗುರುತು ಹಾಕಿ ಇಳಿಸಿ ಎಳೆದರೆ ಹೆಚ್ಚಾದದ್ದು ತಾನಾಗಿ ಬರುತ್ತದೆ.

ದೊಡ್ಡ ಸ್ಪ್ರಿಂಗ್ ಹಾಕುವಾಗ ಅದರ ಒತ್ತೊತ್ತಾಗಿರುವ ಸುರುಳಿಗಳು ಮೇಲೋ ಕೆಳಗೋ ಅನ್ನುವುದು ಬೈಕಿನಿಂದ ಬೈಕಿಗೆ ಬೇರೆ, ಮ್ಯಾನ್ಯುಯಲ್ ನೋಡಿ.

ಗಾಡಿಗೆ ಹಾಕುವಾಗ ಎರಡೂ ಪೈಪ್ ಒಂದೇ ಎತ್ತರದಲ್ಲಿರಲಿ. ಪೈಪ್ ಹಿಡಿಯುವ ಕೆಳಗಿನ ಕ್ಲ್ಯಾಂಪ್ ಬಿಗಿ ಮಾಡಿ, ಕ್ಯಾಪ್ ಬಿಗಿ ಮಾಡಿ, ಆಮೇಲೆ ಮೇಲಿನ ಕ್ಲ್ಯಾಂಪ್. ಚಕ್ರ, ಬ್ರೇಕ್ ಕೂರಿಸಿ ಆಕ್ಸಲ್ ಬಿಗಿ ಮಾಡಿ. ಪಿಂಚ್ ಬೋಲ್ಟ್ (ಆಕ್ಸಲನ್ನು ಕಾಲಿನ ತುದಿಯಲ್ಲಿ ಅದುಮಿ ಹಿಡಿಯುವುದು) ಇದ್ದರೆ ಸಡಿಲವಾಗಿಯೇ ಬಿಡಿ. ಡಿಸ್ಕ್ ಬ್ರೇಕ್ ಆದರೆ ಲಿವರ್ ಗಟ್ಟಿಯಾಗುವ ತನಕ ಒತ್ತಿ. ಇದನ್ನು ಮರೆತು ರಸ್ತೆಗಿಳಿದರೆ ಮೊದಲ ಬ್ರೇಕೇ ಸಿಗದೆ ಹೋಗಬಹುದು. ಈಗ ಮುಂದಿನ ಬ್ರೇಕ್ ಹಿಡಿದು ಹ್ಯಾಂಡಲನ್ನು ನಾಲ್ಕಾರು ಸಲ ಜೋರಾಗಿ ಅಮುಕಿ. ಎರಡು ಕಾಲೂ ತಮ್ಮ ಜಾಗಕ್ಕೆ ಹೊಂದಿಕೊಂಡ ಮೇಲೆ ಪಿಂಚ್ ಬೋಲ್ಟ್ ಬಿಗಿ ಮಾಡಿ. ಕಾಲುಗಳು ಓರೆಯಾಗಿ ಬಿಗಿದರೆ ಪೈಪ್ ಸೀಲಿನ ಒಂದೇ ಬದಿಯನ್ನು ಉಜ್ಜುತ್ತದೆ.

ಮೊದಲ ಓಟ ಮುಗಿಸಿ ಬಂದಾಗ ಪೈಪಿನ ಮೇಲೆ ತೆಳು ಪಸೆ ಕಂಡರೆ ಗಾಬರಿ ಬೇಡ, ಜೋಡಿಸುವಾಗ ಹಚ್ಚಿದ ಆಯಿಲ್ ಇರಬಹುದು. ಒರೆಸಿ, ಮತ್ತೆ ಓಡಿಸಿ ನೋಡಿ. ಆಗಲೂ ಉಂಗುರದಂತೆ ಆಯಿಲ್ ನಿಂತರೆ ಮಾತ್ರ ಬಿಚ್ಚಬೇಕು.