ಹಳೆ ಮನೆಯ ಇಟ್ಟಿಗೆ ಚೂರು ರಸ್ತೆಗೆ ಆಗುತ್ತಾ?

ಓದುಗರ ಪ್ರಶ್ನೆ: ರಾಯಚೂರು ಜಿಲ್ಲೆ, ಸಿಂಧನೂರು ಹತ್ತಿರದ ಹಳ್ಳಿ ನಮ್ಮದು. ಹಳೆ ಮನೆ ಕೆಡವಿಸಿದ್ದೇವೆ. ನಾಲ್ಕೈದು ಟ್ರ್ಯಾಕ್ಟರ್ ಇಟ್ಟಿಗೆ ಚೂರು ಬಿದ್ದಿದೆ. ಹೊಲದ ದಾರಿಗೆ ಕಡಿ (ಜಲ್ಲಿ ಕಲ್ಲು) ಬದಲು ಇದನ್ನೇ ಹಾಕಬಹುದಾ?

ಉತ್ತರ: ಹಾಕಬಹುದು. ಆದರೆ ಕೆಳಗಿನ ಪದರಕ್ಕೆ ಮಾತ್ರ, ಮೇಲೆ ಬೇಡ.

ಇದು ಹೊಸ ವಿಚಾರವೇನಲ್ಲ. ಬಾಂಗ್ಲಾದೇಶದಲ್ಲಿ, ಪಶ್ಚಿಮ ಬಂಗಾಳದ ಬಯಲಲ್ಲಿ ಕಲ್ಲು ಸಿಗುವುದು ಕಷ್ಟ. ಅಲ್ಲಿ ಇಟ್ಟಿಗೆ ಒಡೆದೇ ರಸ್ತೆ ಮಾಡುತ್ತಾ ಬಂದಿದ್ದಾರೆ. ಕೆಡವಿದ ಕಟ್ಟಡದ ಚೂರನ್ನು ರಸ್ತೆಗೆ ಬಳಸುವುದು ಹೇಗೆ ಅಂತ, ರಸ್ತೆ ಕೆಲಸಕ್ಕೆ ಮಾನದಂಡ ರೂಪಿಸುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಸಂಸ್ಥೆ 2017ರಲ್ಲಿ ಐಆರ್‌ಸಿ 121 ಎಂಬ ಮಾರ್ಗಸೂಚಿಯನ್ನೂ ತಂದಿದೆ.

ಇಟ್ಟಿಗೆಯ ದೊಡ್ಡ ತೊಂದರೆ ನೀರು. ಇದನ್ನು ಮನೆಯಲ್ಲೇ ನೋಡಬಹುದು. ಚೆನ್ನಾಗಿ ಒಣಗಿದ ಒಂದು ಇಟ್ಟಿಗೆಯನ್ನು ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ ತೂಗಿ, ಬಕೆಟ್ ನೀರಿಗೆ ಹಾಕಿ. ಮೈಯಿಂದ ಸಣ್ಣ ಸಣ್ಣ ಗುಳ್ಳೆ ಏಳುತ್ತವೆ. ಒಳಗಿದ್ದ ಗಾಳಿ ಹೊರಗೆ ಬಂದು, ಆ ಜಾಗಕ್ಕೆ ನೀರು ಹೋಗುತ್ತಿದೆ ಅಂತ ಅರ್ಥ. 24 ಗಂಟೆ ಬಿಟ್ಟು, ಒರೆಸಿ, ಮತ್ತೆ ತೂಗಿ. 3 ಕಿಲೋ ಇದ್ದದ್ದು 3 ಕಿಲೋ 450 ಗ್ರಾಂ ಆದರೆ ನೂರಕ್ಕೆ 15 ಪಾಲು ನೀರು ಕುಡಿದಿದೆ. 600 ಗ್ರಾಂಗಿಂತ ಜಾಸ್ತಿ ಏರಿದರೆ ಅದು ಸರಿಯಾಗಿ ಬೇಯದ ಇಟ್ಟಿಗೆ, ದಾರಿಗೆ ಬೇಡ. ಗ್ರಾನೈಟ್ ಕಡಿ ಸಾಮಾನ್ಯವಾಗಿ ನೂರಕ್ಕೆ ಒಂದು ಪಾಲೂ ಕುಡಿಯುವುದಿಲ್ಲ. ಎರಡು ಇಟ್ಟಿಗೆ ತಾಕಿಸಿಯೂ ನೋಡಿ. ಖಣ್ ಅಂದರೆ ಚೆನ್ನಾಗಿ ಬೆಂದಿದೆ, ದಪ್ ಅಂದರೆ ಪಕ್ಕಕ್ಕಿಡಿ.

ಮೇಲಿನ ಪದರಕ್ಕೆ ಯಾಕೆ ಬೇಡ ಅಂದರೆ, ನೀರು ಕುಡಿಯುವ ಇಟ್ಟಿಗೆ ಡಾಂಬರನ್ನೂ ಕುಡಿಯುತ್ತೆ. ಚಕ್ರ ನೇರವಾಗಿ ಉಜ್ಜಿದರೆ ಪುಡಿಯಾಗುತ್ತೆ. ಪ್ರಯೋಗಾಲಯದಲ್ಲಿ ಸುಮಾರು 14 ಕಿಲೋ ಸುತ್ತಿಗೆಯನ್ನು 38 ಸೆಂಟಿಮೀಟರ್ ಎತ್ತರದಿಂದ 15 ಸಲ ಕಡಿ ಮೇಲೆ ಬೀಳಿಸಿ, ಪುಡಿ ಎಷ್ಟಾಯಿತು ಅಂತ ಜರಡಿ ಹಿಡಿಯುತ್ತಾರೆ. ಮೇಲ್ಪದರದ ಕಡಿಯಲ್ಲಿ ಅದು ನೂರಕ್ಕೆ 30 ದಾಟಬಾರದು. ಇಟ್ಟಿಗೆಯಾದರೆ ಒಣಗಿದ್ದಾಗ ಮಾತ್ರವಲ್ಲ, ನೆನೆಸಿಯೂ ಈ ಪರೀಕ್ಷೆ ಮಾಡಬೇಕು.

ಇನ್ನು ನಿಮ್ಮ ನೆಲ. ಎರೆ ಮಣ್ಣು ಮಳೆಗೆ ಉಬ್ಬುತ್ತೆ, ಬೇಸಿಗೆಗೆ ಬಿರುಕು ಬಿಡುತ್ತೆ. ಅದರ ಮೇಲೆ ಸುಮ್ನೆ ಅರ್ಧ ಇಟ್ಟಿಗೆಗಳನ್ನು ಸುರಿದರೆ ಮೊದಲ ಮಳೆಗೇ ಸಂದಿಯಿಂದ ಕೆಸರು ಮೇಲೆ ಬರುತ್ತೆ, ಇಟ್ಟಿಗೆ ಕೆಳಗೆ ಹೋಗುತ್ತೆ. ಭತ್ತದ ಲೋಡು ಹೊತ್ತ ಟ್ರ್ಯಾಕ್ಟರ್ ಅಲ್ಲೇ ಹೂತುಕೊಳ್ಳುತ್ತೆ. ಅದಕ್ಕೇ ಮೊದಲು ಗರಸು (ಸಣ್ಣ ಕಲ್ಲು ಬೆರೆತ ಗಟ್ಟಿ ಮಣ್ಣು) ಹಾಸಿ ರೋಲರ್ ಹೊಡೆಸಿ. ಆಮೇಲೆ ಎರಡು ಇಂಚಿನಷ್ಟು ಸಣ್ಣಗೆ ಒಡೆದ ಇಟ್ಟಿಗೆಯನ್ನು ನಾಲ್ಕು ಇಂಚು ದಪ್ಪ ಹರಡಿ, ನೀರು ಚಿಮುಕಿಸಿ, ಮತ್ತೆ ರೋಲರ್. ಅದರ ಮೇಲೆ ಕಲ್ಲಿನ ಕಡಿ ಮತ್ತು ಗರಸು. ದಾರಿಯ ನಡು ಸ್ವಲ್ಪ ಉಬ್ಬಿರಲಿ, ಎರಡೂ ಬದಿ ಕಾಲುವೆ ತೋಡಿ. ಖರ್ಚು ಉಳಿಸೋಣ ಅಂತ ಆ ಬದಿ ಕಾಲುವೆ ಒಂದನ್ನು ಮಾತ್ರ ಕೈಬಿಡಬೇಡಿ, ನೀರು ನಿಂತರೆ ಕಲ್ಲಿನ ದಾರಿಯೂ ಉಳಿಯುವುದಿಲ್ಲ.

ಚೂರಿನಲ್ಲಿ ಸಿಮೆಂಟ್ ಅಂಟಿದ್ದರೆ ಪರವಾಗಿಲ್ಲ. ಮಣ್ಣಿನ ಗಾರೆ, ಪಿಒಪಿ, ಕಟ್ಟಿಗೆ, ಪ್ಲಾಸ್ಟಿಕ್ ಎಲ್ಲ ಆರಿಸಿ ತೆಗೆಯಿರಿ. ಹಳೆ ಸಿಮೆಂಟ್ ಶೀಟಿನ ತುಂಡುಗಳಿದ್ದರೆ ಒಡೆಯಲೇಬೇಡಿ. ಅದರಲ್ಲಿ ಆಸ್ಬೆಸ್ಟಾಸ್ ಇರುತ್ತೆ, ಆ ಧೂಳು ಶ್ವಾಸಕೋಶಕ್ಕೆ ವಿಷ.