ಆಕ್ಟ್4 ಇದೆ, ಆದರೂ ಎಂಡೋಡರ್ಮ್ ಯಾಕೆ ಬರ್ತಿಲ್ಲ?

ಪ್ರಶ್ನೆ: ನಮ್ಮ ಮಾನವ ಭ್ರೂಣದ ಕಾಂಡಕೋಶಗಳಲ್ಲಿ (ದೇಹದ ಯಾವ ಬಗೆಯ ಕೋಶವಾಗಿಯೂ ಬದಲಾಗಬಲ್ಲ ಕೋಶಗಳಲ್ಲಿ) ಆ ಸ್ಥಿತಿಯ ಗುರುತಾದ ಆಕ್ಟ್4 ಪ್ರೋಟೀನ್ ಚೆನ್ನಾಗಿಯೇ ಇದೆ. ಅವುಗಳನ್ನು ಎಂಡೋಡರ್ಮ್ (ಕರುಳು, ಯಕೃತ್ತು, ಮೇದೋಜೀರಕ ಮೂಡುವ ಒಳಪದರ) ಆಗಿಸುವ ಪ್ರೋಟೋಕಾಲನ್ನು ಚಾಚೂ ತಪ್ಪದೆ ಪಾಲಿಸಿದ್ದೇವೆ. ಆದರೂ ಒಂದು ಸಲ ಎಂಡೋಡರ್ಮ್ ತುಂಬಾ ಬರುತ್ತದೆ, ಮುಂದಿನ ಸಲ ಅರ್ಧವೂ ಬರುವುದಿಲ್ಲ. ಯಾಕೆ?

ಉತ್ತರ: ಮತ್ತೆ ಅದೇ ಪ್ರಶ್ನೆ! ಹಾಗಾಗಿ ನನ್ನ ಮರುಪ್ರಶ್ನೆಯೂ ಅದೇ. ಪ್ರೋಟೋಕಾಲ್ ಶುರುವಾಗುವ ಮೊದಲು ಕೋಶಗಳನ್ನು ಹೇಗೆ ಬೆಳೆಸಿದ್ದಿರಿ? ಎಷ್ಟು ಒತ್ತಾಗಿದ್ದವು? ಭಾನುವಾರ ಮೀಡಿಯಂ (ಕೋಶಗಳು ಬೆಳೆಯುವ ಪೋಷಕ ದ್ರವ) ಬದಲಿಸಿದ್ದಿರಾ? "ಮಾಮೂಲಿ ಥರಾನೇ" ಅಂತ ಉತ್ತರ ಬಂತು ಅಂದ್ರೆ ಯಾರೂ ಏನೂ ಬರೆದಿಟ್ಟಿಲ್ಲ ಅಂತಲೇ ಅರ್ಥ.

ಇದರ ಹಿಂದೆ ಒಂದು ಹಟಮಾರಿ ನಂಬಿಕೆ ಇದೆ. ಆಕ್ಟ್4 ಇದ್ದರೆ ಸಾಕು, ಕೋಶಗಳು ಇನ್ನೂ ಯಾವ ಕಡೆಗೂ ವಾಲಿಲ್ಲ, ಎಲ್ಲವೂ ಒಂದೇ ಥರ ಇವೆ ಅನ್ನೋದು. ಎಷ್ಟು ಸಲ ಹೇಳಿದರೂ ಇದು ಹೋಗುವುದಿಲ್ಲ. ಈ ದಾರಿಯಲ್ಲಿ ಆಕ್ಟ್4 ತಡವಾಗಿ ಇಳಿಯುತ್ತದೆ. ಮೀಸೋಡರ್ಮ್ (ಸ್ನಾಯು, ರಕ್ತ ಮೂಡುವ ನಡುಪದರ), ಎಂಡೋಡರ್ಮ್ ಕಡೆಗೆ ಹೊರಟ ಕೋಶದಲ್ಲಿ ಹೊರಟಿದ್ದರ ಗುರುತಾದ ಬ್ರಾಕಿಯೂರಿ ಪ್ರೋಟೀನ್ ಕಾಣಿಸಿಕೊಂಡ ಮೇಲೂ ಅದು ಇದ್ದೇ ಇರುತ್ತದೆ. ಮನೆಯವರು ಊರು ಬಿಟ್ಟಿದ್ದಾರೆ, ಬಾಗಿಲ ಮೇಲಿನ ಹೆಸರು ಮಾತ್ರ ಹಾಗೇ ಇದೆ. ನೀವು ಹೆಸರು ಓದಿಕೊಂಡು ವಾಪಸ್ ಬಂದಿದ್ದೀರಿ.

ಇನ್ನು ಮೀಡಿಯಂ ವಿಷಯ. ಈ ಕೋಶಗಳನ್ನು ಇದ್ದ ಹಾಗೇ ಉಳಿಸಲು ಎಫ್‌ಜಿಎಫ್2 ಬೇಕು, ಜೊತೆಗೆ ಆಕ್ಟಿವಿನ್ ಅಥವಾ ಟಿಜಿಎಫ್-ಬೀಟಾ ಬೇಕು (ಮೂರೂ ಕೋಶಗಳಿಗೆ ಸೂಚನೆ ಕೊಡುವ ಪ್ರೋಟೀನ್‌ಗಳು). ಅದೇ ಆಕ್ಟಿವಿನನ್ನು ಮಿಲಿಲೀಟರಿಗೆ 100 ನ್ಯಾನೋಗ್ರಾಂ ಹಾಕಿ, ಸೀರಮ್ (ರಕ್ತದಿಂದ ತೆಗೆದ ದ್ರವ) ಕಡಿಮೆ ಮಾಡಿದರೆ ಎಂಡೋಡರ್ಮ್ ಆಗುತ್ತದೆ. ಇದು 2005ರಲ್ಲೇ ಗೊತ್ತಾಗಿದೆ. ಹಿಡಿದಿಡುವುದೂ ಅದೇ, ಹೊರಡಿಸುವುದೂ ಅದೇ. ಹೀಗಿರುವಾಗ ಹಿಂದಿನ ವಾರದ ಮೀಡಿಯಂಗೂ ಫಲಿತಾಂಶಕ್ಕೂ ಸಂಬಂಧವಿಲ್ಲ ಅಂದರೆ ಹೇಗೆ? ಸಾಮಾನ್ಯ ಎಫ್‌ಜಿಎಫ್2 ಅಂತೂ 37 ಡಿಗ್ರಿಯಲ್ಲಿ ಬೇಗ ಹಾಳಾಗುತ್ತದೆ. ಭಾನುವಾರದ ಬಗ್ಗೆ ನಾನು ಸುಮ್ನೆ ಕೇಳಲಿಲ್ಲ.

"ಎಲ್ಲವೂ ಒಂದೇ ಥರ" ಅನ್ನುವವರು 2014ರ ಒಂದು ಪ್ರಯೋಗ ನೋಡಬೇಕು. ಪುಟ್ಟ ಪುಟ್ಟ ವೃತ್ತಗಳ ಒಳಗೆ ಮಾತ್ರ ಅಂಟುವಂತೆ ಕೋಶಗಳನ್ನು ಬೆಳೆಸಿದರು. ಎಲ್ಲಕ್ಕೂ ಒಂದೇ ಮೀಡಿಯಂ, ಒಂದೇ ಬಿಎಂಪಿ4 (ಇದೂ ಸೂಚನೆ ಕೊಡುವ ಪ್ರೋಟೀನೇ). ಸುಮಾರು ಎರಡು ದಿನಕ್ಕೆ ನಡುವೆ ಎಕ್ಟೋಡರ್ಮ್ (ಚರ್ಮ, ನರಗಳು ಮೂಡುವ ಹೊರಪದರ), ಅದರ ಸುತ್ತ ಮೀಸೋಡರ್ಮ್ ಮತ್ತು ಎಂಡೋಡರ್ಮ್‌ಗೆ ಹೊರಟ ಕೋಶಗಳು, ಅಂಚಿನಲ್ಲಿ ಟ್ರೋಫೋಬ್ಲಾಸ್ಟ್ (ಮಾಸು ಕಟ್ಟುವ ಕೋಶ) ಹೋಲುವ ಕೋಶಗಳು! ಬೇರೆಯಾಗಿದ್ದದ್ದು ಜಾಗ ಮಾತ್ರ. ಒತ್ತಾಗಿರುವ ಕಡೆ ಸೂಚನೆಯನ್ನು ಹಿಡಿಯುವ ರಿಸೆಪ್ಟರ್‌ಗಳು ಕೋಶದ ಪಕ್ಕಕ್ಕೂ ಅಡಿಗೂ ಸರಿದಿರುತ್ತವೆ. ಮೇಲಿನಿಂದ ಬರುವ ಬಿಎಂಪಿ4 ಅವುಗಳಿಗೆ ಸರಿಯಾಗಿ ತಾಗುವುದಿಲ್ಲ. ನಡುವೆ ನಾಗಿನ್‌ನಂಥ ಬಿಎಂಪಿ4 ತಡೆಯುವ ಪ್ರೋಟೀನ್ ಕೂಡ ಜಾಸ್ತಿ. ಅಂಚಿನ ಕೋಶಕ್ಕೆ ಈ ಎರಡೂ ರಕ್ಷಣೆ ಕಡಿಮೆ. ಈಗ ಹೇಳಿ, ನಿಮ್ಮ ಪ್ಲೇಟಿನಲ್ಲಿ ಸಣ್ಣ ಕಾಲೊನಿಗಳು (ಕೋಶಗಳ ಗುಂಪುಗಳು) ಜಾಸ್ತಿ ಇದ್ದರೆ ಅಂಚೂ ಜಾಸ್ತಿ, ಅಲ್ವಾ?

ಹಾಗಾಗಿ ಒಂದು ಪ್ಲೇಟಿನ ಕೋಶಗಳನ್ನು ಆರಕ್ಕೆ, "ಒಂದಕ್ಕೆ ಆರು" ಅಂತ ಅಂದಾಜಿನಲ್ಲಿ ಹಂಚಬೇಡಿ. ಕೋಶಗಳನ್ನು ಎಣಿಸಿ ಹಾಕಿ. ಶುರು ಮಾಡುವ ದಿನ ಆಕ್ಟ್4 ಜೊತೆ ಬ್ರಾಕಿಯೂರಿ, ಸಾಕ್ಸ್17 (ಎಂಡೋಡರ್ಮ್‌ನ ಗುರುತು) ಕೂಡ ನೋಡಿ. ಅವು ಆಗಲೇ ಕಂಡರೆ ಆ ಪ್ಲೇಟ್ ಬಿಟ್ಟುಬಿಡಿ.

ಲೈನ್ (ಒಂದೇ ಭ್ರೂಣದಿಂದ ಬೆಳೆಸಿಕೊಂಡು ಬಂದ ಕೋಶಗಳ ತಳಿ) ಬದಲಿಸಿದರೆ ಸರಿಹೋಗುತ್ತಾ ಅಂತ ಯಾರೂ ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ. ಲೈನ್‌ಗಳಲ್ಲಿ ವ್ಯತ್ಯಾಸ ಇರುವುದು ನಿಜ. 2008ರಲ್ಲಿ 17 ಲೈನ್‌ಗಳನ್ನು ಹೋಲಿಸಿದಾಗ ಮೇದೋಜೀರಕದ ಕಡೆಗೆ ಹ್ಯೂಸ್ 8 ಚೆನ್ನಾಗಿ ಹೋಯಿತು, ಹೃದಯದ ಕೋಶಗಳಿಗೆ ಹ್ಯೂಸ್ 3. ಆದರೆ ಹೊಸ ಲೈನ್ ಬೆಳೆಯುವ ವೇಗವೇ ಬೇರೆ ಇರಬಹುದು. ಹಳೆಯ ಲೈನ್‌ಗೆ ಹಾಕುತ್ತಿದ್ದ ಸಂಖ್ಯೆಯನ್ನೇ ಹಾಕಿದರೆ ಶುರುವಿನ ದಿನಕ್ಕೆ ಪ್ಲೇಟ್ ಅಷ್ಟೇ ತುಂಬಿರುತ್ತದೆ ಅನ್ನುವಂತಿಲ್ಲ. ಮೊದಲು ಮೂರು ನಾಲ್ಕು ಸಾಂದ್ರತೆಯಲ್ಲಿ ಹಾಕಿ ನೋಡಿ, ಆಮೇಲೆ ಲೈನನ್ನು ಬೈಯಿರಿ.